ಎರಡು ಕೈ, ಒಂದು ಹಣೆ

ಮೇಲಿನ ಓಣಿ, ಇಳಕಲ್ಲ
ಕ್ರಿಸ್ತಶಕ 2291, ಫೆಬ್ರವರಿ 30

ಒಂದು ಕೈಯಲ್ಲಿ ಪಾಟೀಚೀಲ ಹಿಡಿದು, ಇನ್ನೊಂದು ಕೈಯನ್ನು ಮಗುವಿನ ಹಣೆಯ ಮೇಲಿಟ್ಟು, ಕಳಿಸಲೋ ಬೇಡವೋ ಅಂತ ಬಾಗಿಲಲ್ಲಿ ನಿಂತಿರುವ ನಿಮಗೆ, ನಿಮ್ಮ ಗುರುತಿಲ್ಲದ ಶಾವಂತ್ರೆವ್ವನ ಶರಣಾರ್ಥಿಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿ ಬಡಪಾಯಿ ತಿಂಗಳು, ಇಪ್ಪತ್ತೆಂಟಕ್ಕೇ ಉಸಿರು ಬಿಡುತ್ತಿತ್ತಂತೆ. ನಮ್ಮ ಮುತ್ತಜ್ಜನ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ ಸಮನಾಗಿ ಹಂಚಿ ಆ ಜಗಳ ಮುಗಿಸಿದರು. ಉಳಿದ ಐದು ದಿನಕ್ಕೆ ಬಿಟ್ಟಿ ದಿನ ಅಂತ ಹೆಸರು, ಆ ದಿನಗಳಲ್ಲಿ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನನ್ನ ಮಾತಿನಲ್ಲಿ ಇಂಥವು ಇನ್ನೂ ಕೆಲವು ಬರುತ್ತವೆ, ಅನ್ನದಲ್ಲಿ ಹರಳು ಸಿಕ್ಕಂತೆ ಆದೀತು. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಸಿಕ್ಕಲ್ಲಿ ನಾನೇ ಆರಿಸಿ ತೆಗೆದು ಕೊಡುತ್ತೇನೆ.

ನಾನು ನಮ್ಮ ಓಣಿಯ ಹಣೆಗಾರ್ತಿ. ಹಣೆಗಾರ್ತಿ ಅಂದರೆ ಹಣೆಬರಹ ಓದುವವಳಲ್ಲ. ಆ ದಂಧೆ ನಿಮ್ಮಲ್ಲಿತ್ತು, ನಮ್ಮಲ್ಲೂ ಇದೆ, ಅದಕ್ಕೆ ಸಾವಿಲ್ಲ. ನಾನು ಓದುವುದು ಹಣೆಯ ಬಿಸಿಯನ್ನು. ಬೆಳಿಗ್ಗೆ ಶಾಲೆಯ ಗಂಟೆಗೆ ಮುಂಚೆ ಯಾವ ಮನೆಯಲ್ಲಿ ಕೂಸು ಮೂಗು ಸೊರಗುಟ್ಟಿದರೂ, ಕಣ್ಣು ಕೆಂಪಾದರೂ, ರೊಟ್ಟಿ ಮುಂದಿಟ್ಟರೆ ಮುಖ ತಿರುವಿದರೂ ನನಗೆ ಕರೆ ಬರುತ್ತದೆ. ಹೋಗಿ ಅಂಗೈ ಇಟ್ಟು, ಹೋಗು ಅನ್ನುತ್ತೇನೆ, ಇಲ್ಲವೇ ಇರು ಅನ್ನುತ್ತೇನೆ. ಎರಡೇ ಮಾತು. ಆ ಎರಡು ಮಾತಿಗೆ ನನ್ನನ್ನು ಬೈಯದ ಮಗು ಈ ಓಣಿಯಲ್ಲಿಲ್ಲ, ಬೈಯದ ತಾಯಿಯೂ ಇಲ್ಲ. ಬೈಸಿಕೊಂಡು ಬೈಸಿಕೊಂಡು ನನ್ನ ಚರ್ಮ ಎಮ್ಮೆಯ ಚರ್ಮವಾಗಿದೆ, ಆದರೆ ಅಂಗೈ ಮಾತ್ರ ಹೂವಿನಂತಿದೆ ಅಂತ ನಾನೇ ಹೇಳಿಕೊಳ್ಳುತ್ತೇನೆ. ಬೇರೆ ಯಾರೂ ಹೇಳುವುದಿಲ್ಲ ನೋಡಿ, ಅದಕ್ಕೆ.

ಖಾತ್ರಿಯಿಲ್ಲದೆ ಕೊಟ್ಟ ತೀರ್ಪನ್ನು ಹಣೆಗಾರ್ತಿ ಯಾರಿಗಾದರೂ ಬರೆದು ಹೇಳಿಕೊಳ್ಳಬೇಕು ಅನ್ನುವುದು ನಮ್ಮ ಪದ್ಧತಿ. ಹೊಟ್ಟೆಯಲ್ಲೇ ಇಟ್ಟುಕೊಂಡರೆ ಕೈ ಕೆಡುತ್ತದಂತೆ. ಮೊದಮೊದಲು ನಾನು ಬಾದಾಮಿಯಲ್ಲಿರುವ ನನ್ನ ಅಕ್ಕನಿಗೆ ಬರೆಯುತ್ತಿದ್ದೆ. ಅವಳು ಉತ್ತರ ಬರೆದಳು, ಉತ್ತರದ ತುಂಬ ಬುದ್ಧಿಮಾತು. ಆವತ್ತಿನಿಂದ ಉತ್ತರ ಬರೆಯಲಾರದವರಿಗೇ ಬರೆಯುತ್ತ ಬಂದಿದ್ದೇನೆ. ಈ ಸಲ ನಿಮ್ಮ ಪಾಳಿ. ನಿಮ್ಮ ಕಾಲದಲ್ಲಿ ಪ್ರತಿ ಅವ್ವ ಅಪ್ಪ ತಮ್ಮ ಕೂಸಿನ ಹಣೆಯನ್ನು ತಾವೇ ಮುಟ್ಟಿ, ತಾವೇ ತೀರ್ಪು ಹೇಳಿ, ಸಾಲದ್ದಕ್ಕೆ ತಾವೂ ಕೆಲಸಕ್ಕೆ ಓಡುತ್ತಿದ್ದರು ಅಂತ ಕೇಳಿದ್ದೇನೆ. ಅಬ್ಬಾ, ನಿಮ್ಮ ಎದೆಗಾರಿಕೆಯೇ! ನಮ್ಮಲ್ಲಿ ಅದು ನಡೆಯುವುದಿಲ್ಲ. ಹೆತ್ತವರ ಅಂಗೈಗೆ ಬೇಕಾದದ್ದೇ ತಿಳಿಯುತ್ತದೆ, ಆದದ್ದು ತಿಳಿಯುವುದಿಲ್ಲ. ಅದಕ್ಕೇ ಸ್ವಂತ ಮನೆಯ ಹಣೆಗೆ ಸ್ವಂತ ಕೈ ಸಲ್ಲದು ಅಂತ ಕಟ್ಟಳೆ ಮಾಡಿದ್ದಾರೆ. ಹಣೆಗಾರ್ತಿಯ ಮನೆಯಲ್ಲೇ ಕೂಸಿಗೆ ಮೈ ಸರಿಯಿಲ್ಲದಿದ್ದರೆ ಪಕ್ಕದ ಓಣಿಯ ಹಣೆಗಾರ್ತಿಯನ್ನು ಕರೆಸಬೇಕು.

ಇಷ್ಟು ಮುಂದೆ ಬಂದ ಜನಕ್ಕೆ ಯಂತ್ರವಿಲ್ಲವೇ ಅಂತ ನೀವು ಕೇಳಬಹುದು. ಇತ್ತು ಮಾರಾಯರೆ, ಇತ್ತು. ಬಾಗಿಲಗಣ್ಣು ಅಂತ ಅದರ ಹೆಸರು. ಪ್ರತಿ ಮನೆಯ ಹೊಸ್ತಿಲ ಮೇಲೆ ಹಪ್ಪಳದಷ್ಟು ತೆಳ್ಳಗಿನ ಒಂದು ತಗಡು, ದಾಟಿಹೋಗುವ ಮಕ್ಕಳ ಉಸಿರು ಬೆವರು ನಾಡಿ ಎಲ್ಲ ನೋಡಿ ಹೇಳುತ್ತಿತ್ತು. ಬಲು ಜಾಣ, ಆದರೆ ಬಲು ಹೆದರುಪುಕ್ಕಲ. ಒಗ್ಗರಣೆಯ ಘಾಟಿಗೆ ಸೀನಿದರೂ ಇರು ಅನ್ನುತ್ತಿತ್ತು, ಬಿದ್ದು ಬಿದ್ದು ನಕ್ಕರೂ ಇರು ಅನ್ನುತ್ತಿತ್ತು. ಒಂದು ವರ್ಷವಿಡೀ ಶಾಲೆಗೆ ಒಂದು ಮಗುವೂ ಹೋಗಲಿಲ್ಲ, ಮಾಸ್ತರರು ಒಬ್ಬರೇ ಕೂತು ಗೋಡೆಗೆ ಮಗ್ಗಿ ಹೇಳಿಕೊಟ್ಟರು. ಕಡೆಗೆ ಜನ ಬೇಸತ್ತು ಆ ತಗಡುಗಳನ್ನೆಲ್ಲ ಕಿತ್ತು ಮಾಳಿಗೆಗೆ ಹಾಕಿದರು. ಈಗ ಅವುಗಳ ಮೇಲೆ ಸಂಡಿಗೆ ಒಣಗುತ್ತವೆ. ಒಣಗಿದ ಕೂಡಲೇ ಅದೇ ಹೇಳುತ್ತದೆ, ಆ ಮಟ್ಟಿಗೆ ಉಪಕಾರಿ.

ನಮ್ಮ ಶಾಲೆಗೆ ಕಣಿಶಾಲೆ ಅನ್ನುತ್ತಾರೆ. ನಿಮ್ಮ ಕಾಲದವರು ಇಲ್ಲಿನ ಕೆಂಪುಕಲ್ಲನ್ನು ಕಡಿದು ಎಲ್ಲೆಲ್ಲಿಗೋ ಸಾಗಿಸಿ, ಒಂದು ದೊಡ್ಡ ಗುಂಡಿಯನ್ನು ನಮಗೆ ಆಸ್ತಿಯಾಗಿ ಬಿಟ್ಟುಹೋದಿರಿ. ಬೈಯೋಣ ಅಂದುಕೊಂಡಿದ್ದೆವು, ಆದರೆ ಬಿಸಿಲು ಹೆಚ್ಚಿದ ಮೇಲೆ ಊರಿನಲ್ಲಿ ತಂಪಾಗಿ ಉಳಿದದ್ದು ಅದೊಂದೇ. ಆ ಕಲ್ಲಿನ ಕಣಿಯ ಗೋಡೆಗಳಲ್ಲೇ ಬೆಂಚು ಕೊರೆದು ಶಾಲೆ ಮಾಡಿದೆವು. ಮಕ್ಕಳು ಮೇಲಿನ ಅಂಚಿನಿಂದ ತೊಟ್ಟಿಲಬಂಡಿಯಲ್ಲಿ ಇಳಿಯುತ್ತಾರೆ. ತೊಟ್ಟಿಲಬಂಡಿ ಅಂದರೆ ಹಗ್ಗಕ್ಕೆ ಕಟ್ಟಿದ ದೊಡ್ಡ ಬುಟ್ಟಿ, ಹೆಸರಷ್ಟೇ ದೊಡ್ಡದು. ಕಣಿಯಲ್ಲಿ ಒಂದು ಮಾತಾಡಿದರೆ ಗೋಡೆ ಅದನ್ನು ತಿರುಗಿ ಹೇಳುತ್ತದೆ. ಹೀಗಾಗಿ ಅಲ್ಲಿ ಕಲಿತವರೆಲ್ಲ ಮಾತಾಡುವಾಗ ಸ್ವಲ್ಪ ತಡೆದು ತಡೆದು ಮಾತಾಡುತ್ತಾರೆ, ನನ್ನೊಬ್ಬಳನ್ನು ಬಿಟ್ಟು.

ಆ ಗೋಡೆಯಿಂದಲೇ ಹೆಸರುಗೂಗು ಹುಟ್ಟಿತು. ಎಂಟು ತುಂಬುವ ತನಕ ಶಾಲೆಯಲ್ಲಿ ಎಲ್ಲರಿಗೂ ಕೂಸು ಅನ್ನುವುದೊಂದೇ ಹೆಸರು. ಎಂಟು ತುಂಬಿದ ವರ್ಷ, ವರ್ಷಕ್ಕೊಂದೇ ಬೆಳಗು, ಮಕ್ಕಳು ಒಬ್ಬೊಬ್ಬರಾಗಿ ನಡುಬಂಡೆಯ ಮೇಲೆ ನಿಂತು ಎದೆಯಲ್ಲಿರುವ ಗಾಳಿಯನ್ನೆಲ್ಲ ಸೇರಿಸಿ ತಮ್ಮ ಹೆಸರು ಕೂಗುತ್ತಾರೆ. ಗೋಡೆ ಏನು ತಿರುಗಿ ಹೇಳುತ್ತದೋ ಅದನ್ನೇ ಮಾಸ್ತರರು ಹಾಜರಿಯಲ್ಲಿ ಬರೆದುಕೊಳ್ಳುತ್ತಾರೆ. ನನ್ನ ಗಂಡ ಶಿವಪುತ್ರ ಕೂಗುವಾಗ ಬಿಕ್ಕಳಿಕೆ ಬಂದು, ಗೋಡೆ ಬರೇ ಪುತ್ರ ಅಂದಿತು. ಇವತ್ತಿಗೂ ಊರಿಗೆಲ್ಲ ಅವರು ಪುತ್ರ, ನಾಳೆ ಅರವತ್ತಾದರೂ ಪುತ್ರನೇ. ಈ ವರ್ಷ ನನ್ನ ಮಗಳು ಚೆನ್ನಿಯ ಸರದಿ. ದೀಪಾವಳಿಯಿಂದ ಅಭ್ಯಾಸ ನಡೆದಿತ್ತು. ಅವಳ ಕೂಗಿಗೆ ಬೆದರಿ ಪಕ್ಕದ ಮನೆಯ ಎಮ್ಮೆ ಹಾಲು ಏರಿಸಿಕೊಂಡು ಬಿಟ್ಟಿತ್ತು. ಊಟ ಬಿಟ್ಟರೂ ಕೂಗು ಬಿಡಳು. ಈ ಒಂದು ಬೆಳಗು ತಪ್ಪಿದರೆ ಇನ್ನೊಂದು ವರ್ಷ ಅವಳು ಕೂಸಾಗಿಯೇ, ತನಗಿಂತ ಸಣ್ಣವರ ಸಾಲಿನಲ್ಲಿ ನಿಲ್ಲಬೇಕು.

ಅವಳ ಬೆಂಚಿನ ಜೊತೆಗಾತಿ ಜೈತೂನ. ಕೆಳಗಿನ ಓಣಿಯ ಹಣೆಗಾರ್ತಿ ಖಾಜಾಬಿಯ ಮೊಮ್ಮಗಳು, ಅವಳದೂ ಇದೇ ವರ್ಷ. ಜೈತೂನ ಬಿತ್ತೆದೆಯ ಹುಡುಗಿ. ಹುಟ್ಟುವಾಗ ಬಂದ ಪುಪ್ಪುಸ ಕೆಲಸಕ್ಕೆ ಬಾರದೆ ಹೋದವರಿಗೆ ನಮ್ಮಲ್ಲಿ ಎದೆಯೊಳಗೆ ಹೊಸದನ್ನು ಬಿತ್ತುತ್ತಾರೆ, ಹೊಲದಲ್ಲಿ ಜೋಳ ಬಿತ್ತಿದಂತೆ. ಅದು ಮೊಳೆತು ಬೇರು ಬಿಡಲು ಎರಡು ವರ್ಷ ಬೇಕು. ಅಲ್ಲಿಯ ತನಕ ಬೇರೆ ಮಕ್ಕಳಿಗೆ ಆಟದಂತೆ ಬಂದುಹೋಗುವ ನೆಗಡಿಯೂ ಆ ಕೂಸಿನ ಜೀವಕ್ಕೆ ಸಂಚಕಾರ. ಹಾಗಂತ ಅವಳನ್ನು ಗಾಜಿನ ಭರಣಿಯಲ್ಲಿ ಇಡಲಾದೀತೇ? ಅವಳು ಶಾಲೆಗೆ ಬರಬೇಕು, ನಾವು ಉಳಿದವರು ಎಚ್ಚರವಾಗಿರಬೇಕು. ಈ ವರ್ಷ ಊರಲ್ಲಿ ಕಪ್ಪೆಗೆಮ್ಮು ಬೇರೆ ಎದ್ದಿತ್ತು. ಮಕ್ಕಳು ಕಪ್ಪೆಯಂತೆ ವಟಗುಟ್ಟುತ್ತ ಕೆಮ್ಮುವ ರೋಗ ಅದು. ಮೊದಲ ದಿನ ಹಣೆ ಬಿಸಿಯಾಗುತ್ತದೆ ಅಷ್ಟೇ, ಮರುದಿನ ವಟವಟ. ಆದರೆ ಅಂಟುವುದು ಮೊದಲ ದಿನವೇ.

ಮೊನ್ನೆ, ಹೆಸರುಗೂಗಿನ ಬೆಳಿಗ್ಗೆ, ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಚೆನ್ನಿ ಎದ್ದು ಬಂದಳು. ಮುಖ ಕೆಂಪಗೆ, ಕಣ್ಣು ಕೆಂಪಗೆ. ಬಂದವಳೇ ಒಂದು ಸಲ ಕೆಮ್ಮಿದಳು. ಕಟ್ಟಳೆ ಪಿಟ್ಟಳೆ ಎಲ್ಲ ಮರೆತು ಅಲ್ಲಿಂದಲೇ ಕೈ ಚಾಚಿ ಹಣೆ ಮುಟ್ಟಿದೆ. ತಣ್ಣಗೆ! ಮಡಕೆಯ ನೀರಿನಂತೆ ತಣ್ಣಗೆ! ಸಂಗಮನಾಥ ಕಾಪಾಡಿದ ಅಂದುಕೊಂಡು ಇನ್ನೆರಡು ರೊಟ್ಟಿ ಬಡಿದೆ. ಆದರೂ ಕೆಮ್ಮು ಕೆಮ್ಮೇ, ಕಟ್ಟಳೆ ಕಟ್ಟಳೆಯೇ, ಖಾಜಾಬಿಯನ್ನು ಕರೆಸಲೇಬೇಕು. ಕರೆಸುವುದೆಂದರೆ ನನಗೆ ಹಾಗಲಕಾಯಿ ಜಗಿದಂತೆ. ಮೂರು ವರ್ಷದ ಹಿಂದೆ ಅವಳು ಸಂತೆಯಲ್ಲಿ ನಾಲ್ಕು ಮಂದಿಯ ಮುಂದೆ, ಶಾವಂತ್ರೆವ್ವನ ಕೈ ರೊಟ್ಟಿ ಬಡಿಯಾಕ ಅಡ್ಡಿಯಿಲ್ಲ, ಹಣಿ ಮುಟ್ಟಾಕಲ್ಲ ಅಂದಿದ್ದಳು. ಅಂದಿನಿಂದ ನಾವಿಬ್ಬರೂ ಎದುರಾದರೆ ಒಬ್ಬರು ಆಕಾಶ ನೋಡುತ್ತೇವೆ, ಇನ್ನೊಬ್ಬರು ಭೂಮಿ ನೋಡುತ್ತೇವೆ.

ಬಂದಳು. ಬೆಳಗಿನ ನಮಾಜಿಗೆ ತೊಟ್ಟಿಯ ನೀರಿನಲ್ಲಿ ಕೈಕಾಲು ತೊಳೆದು, ಮತ್ತೆ ನಮ್ಮ ಹೊಸ್ತಿಲಲ್ಲಿ ತಣ್ಣೀರಿನಿಂದ ತೊಳೆದು, ಒರೆಸಿಕೊಂಡು ಚೆನ್ನಿಯ ಹಣೆಗೆ ಕೈ ಇಟ್ಟಳು. ಇಟ್ಟವಳೇ ಹೌಹಾರಿ, ಕೆಂಡ ಆಗೇತಲ್ಲವಾ ಅಂದಳು. ನಾನು ಬಿಡುತ್ತೇನೆಯೇ? ಮೊಮ್ಮಗಳ ಮೇಲಿನ ಹೆದರಿಕೆಗೆ ನಿನ್ನ ಕೈಗೆ ಎಲ್ಲಾರೂ ಕೆಂಡ ಆಗ್ಯಾರ ಅಂದೆ. ಅವಳು, ಮಗಳ ಕೂಗು ತಪ್ಪತೈತಂತ ನಿನ್ನ ಕೈಗೆ ಎಲ್ಲಾ ಮಂಜುಗಡ್ಡಿ ಆಗೇತಿ ಅಂದಳು. ಓಣಿಯೆಲ್ಲ ಸೇರಿತು. ಮಾತಿಗೆ ಮಾತು ಬೆಳೆದು ಅವಳು ನನ್ನ ಕೈ ಹಿಡಿದು ಝಾಡಿಸಿದಳು. ಝಾಡಿಸಿದವಳು ಬಿಡದೆ ಅದನ್ನೇ ತಿರುವಿ ನೋಡಿದಳು. ನನ್ನ ಕೈ ಹಂಚಿನ ಬಿಸಿಗೆ ಸುಡುತ್ತಿತ್ತು, ಅವಳ ಕೈ ನೀರಿನ ತಂಪಿಗೆ ಮರಗಟ್ಟಿತ್ತು. ಸುಡುವ ಕೈಗೆ ಹಣೆ ತಣ್ಣಗೆ, ತಣ್ಣನೆಯ ಕೈಗೆ ಹಣೆ ಕೆಂಡ. ಊರಿಗೆಲ್ಲ ತೀರ್ಪು ಹೇಳುವ ಇಬ್ಬರು ದೊಡ್ಡ ಮನುಷ್ಯರ ಬುದ್ಧಿ ಇಷ್ಟು!

ಕೈ ಸಮನಾಗದೆ ಹಣೆ ಮುಟ್ಟಿ ಉಪಯೋಗವಿಲ್ಲ. ಶಾಲೆಯ ಗಂಟೆಗೆ ಹೊತ್ತೂ ಇಲ್ಲ. ಹೀಗಾಗಿ ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಅಂಗೈಗೆ ಅಂಗೈ ಕೂಡಿಸಿ ಹಿಡಿದುಕೊಂಡೆವು. ಮೂರು ವರ್ಷ ಮಾತು ಬಿಟ್ಟವರು ಹೊಸ ಗಂಡ ಹೆಂಡಿರಂತೆ ಕೈ ಹಿಡಿದು ಕೂತದ್ದನ್ನು ನೋಡಿ ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಪುತ್ರನಂತೂ ಆರತಿ ತರಲೇನು ಅಂದರು. ನನಗೂ ನಗು ಬಂತು, ಖಾಜಾಬಿಗೂ ಬಂತು, ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ನಕ್ಕೆವು. ಆಮೇಲೆ ಒಂದೇ ಸಲಕ್ಕೆ ಇಬ್ಬರೂ ಚೆನ್ನಿಯ ಹಣೆಗೆ ಕೈ ಇಟ್ಟೆವು.

ಉಗುರುಬೆಚ್ಚಗೆ. ಬಿಸಿ ಅನ್ನುವಷ್ಟು ಬಿಸಿಯಲ್ಲ, ತಂಪು ಅನ್ನುವಷ್ಟು ತಂಪಲ್ಲ. ನನ್ನ ಕೈ ಏನೂ ಹೇಳವಲ್ದು ಶಾವಂತ್ರೆವ್ವ, ನಿನ್ನದು ಏನ ಹೇಳತೈತಿ ಅಂತ ಖಾಜಾಬಿ ಕೇಳಿದಳು. ನನ್ನದೂ ಬಾಯಿ ಮುಚ್ಚಿಕೊಂಡೈತಿ ಅಂದೆ. ಕೈ ಮೂಕಾದರೆ ಹೆತ್ತವಳ ಮಾತು ಅನ್ನುವುದು ನಮ್ಮ ಕಟ್ಟಳೆಯ ಕೊನೆಯ ಸಾಲು. ಎಷ್ಟೋ ಮನೆಗಳಲ್ಲಿ ಅದನ್ನು ಹೇಳಿ ನಾನು ಹಗುರವಾಗಿ ಎದ್ದು ಬಂದಿದ್ದೇನೆ. ಈಗ ಅದು ನನ್ನ ತಲೆಯ ಮೇಲೇ ಕೂತಿತು. ಖಾಜಾಬಿ ಜಗಳದ ದನಿಯಲ್ಲಲ್ಲ, ಸಾದಾ ದನಿಯಲ್ಲಿ ಹೇಳಿದಳು: ನೀ ಕಳಸೂದಿದ್ರ ಕಳಸವಾ, ನಾ ಬ್ಯಾಡ ಅನ್ನೂದಿಲ್ಲ, ಜೈತೂನಗ ಮನ್ಯಾಗ ಇರು ಅಂತ ಹೇಳಿ ಕಳಸ್ತೇನಿ. ಹೋಗಿ ಹೇಳುತ್ತೇನೆ ಅನ್ನದೆ ಹೇಳಿ ಕಳಿಸುತ್ತೇನೆ ಅಂದದ್ದು ನನ್ನ ಕಿವಿಗೆ ತಟ್ಟಿತು. ಸಂಶಯದ ಹಣೆ ಮುಟ್ಟಿದವರು ಅಂದು ಸಂಜೆಯ ತನಕ ಬಿತ್ತೆದೆಯ ಮಕ್ಕಳ ಹತ್ತಿರ ಸುಳಿಯುವಂತಿಲ್ಲ, ಅವರಿರುವ ಕಣಿಯ ಅಂಚಿಗೂ ಹೋಗುವಂತಿಲ್ಲ. ನಮ್ಮ ಹೊಸ್ತಿಲು ತುಳಿಯುವಾಗಲೇ ಖಾಜಾಬಿ ತನ್ನ ಮೊಮ್ಮಗಳ ಕೂಗನ್ನು ಕಣ್ಣಾರೆ ಕಾಣುವುದನ್ನು ಬಿಟ್ಟುಕೊಟ್ಟು ಬಂದಿದ್ದಳು. ಕರೆ ಬಂದಿದೆ, ಹೋಗಬೇಕು, ಅಷ್ಟೇ. ನಾನು ಅವಳನ್ನು ಮನಸ್ಸಿನಲ್ಲಿ ಬೈದದ್ದಕ್ಕೆ ಲೆಕ್ಕವಿಲ್ಲ. ಆ ಕ್ಷಣ ನನಗೆ ಅವಳ ಕಾಲು ಹಿಡಿಯಬೇಕು ಅನ್ನಿಸಿತು.

ಇಬ್ಬರಲ್ಲಿ ಒಂದು ಕೂಸು ಮನೆಯಲ್ಲಿ ಉಳಿಯಬೇಕು. ನನ್ನದಕ್ಕೆ ರೋಗವಿದೆಯೋ ಇಲ್ಲವೋ ಗೊತ್ತಿಲ್ಲ, ಅವಳದಕ್ಕೆ ಏನೂ ಇಲ್ಲ. ನಾನು ಚೆನ್ನಿಯನ್ನು ಹತ್ತಿರ ಕರೆದು, ಇರು ಅಂದೆ.

ನಿಮ್ಮ ಮಕ್ಕಳು ಹೇಗೆ ಅಳುತ್ತಿದ್ದರೋ ತಿಳಿಯದು. ನನ್ನವಳು ನೆಲಕ್ಕೆ ಬಿದ್ದು ಹೊರಳಿದಳು. ಹೊಸ ಇಳಕಲ್ಲ ಲಂಗ ಮಣ್ಣಾಯಿತು. ನೀ ನನ್ನ ಅವ್ವ ಅಲ್ಲ, ನೀ ಬರೇ ಹಣೆಗಾರ್ತಿ ಅಂದಳು. ಎಮ್ಮೆಯ ಚರ್ಮ ಅಂದಿದ್ದೆನಲ್ಲ, ಆ ಮಾತಿಗೆ ಅದು ಹರಿಯಿತು. ಹಿತ್ತಲಿಗೆ ಹೋಗಿ ಮುಖ ತೊಳೆಯುವ ನೆಪ ಮಾಡಿ ನಾನೂ ಅತ್ತೆ. ಎದ್ದು ಬಂದು ನೋಡಿದರೆ ಚೆನ್ನಿ ಮಾಳಿಗೆ ಹತ್ತಿ, ಸಂಡಿಗೆಗಳ ನಡುವೆ, ಕಣಿಯ ಕಡೆಗೆ ಬೆನ್ನು ಹಾಕಿ ಕೂತಿದ್ದಳು. ನಾನೂ ಖಾಜಾಬಿಯೂ ಹತ್ತಿ ಹೋಗಿ ಅಷ್ಟು ದೂರದಲ್ಲಿ ಕೂತೆವು. ನಮ್ಮ ಮಾಳಿಗೆಯಿಂದ ಕಣಿ ಕಾಣುವುದಿಲ್ಲ, ಆದರೆ ಕೇಳುತ್ತದೆ.

ಒಂದೊಂದೇ ಹೆಸರು ಎದ್ದು ಬಂತು. ಈರಭದ್ರ ಅಂತ ಒಂದು ಗುಡುಗು, ಗೋಡೆಯೂ ಗುಡುಗಿತು. ಗಿರಿಜಾ ಅಂತ ಒಂದು ಪೀಪಿ. ಪ್ರತಿ ಕೂಗಿಗೂ ಖಾಜಾಬಿ ತಸಬಿಯ ಒಂದು ಮಣಿ ಸರಿಸುತ್ತಿದ್ದಳು. ಅವಳ ಹೆದರಿಕೆ ಏನೆಂದು ನನಗೆ ತಿಳಿದಿತ್ತು. ಬಿತ್ತಿದ ಎದೆ ಹಿಡಿದಿದೆಯೋ ಇಲ್ಲವೋ ಅನ್ನುವುದಕ್ಕೆ ಅವರಿವರು ಏನೇ ಹೇಳಲಿ, ಈ ಕೂಗಿಗಿಂತ ದೊಡ್ಡ ಸಾಕ್ಷಿಯಿಲ್ಲ. ಮನೆಯಲ್ಲಿ ಆ ಹುಡುಗಿ ನೀರು ಕೇಳಿದರೂ ಪಿಸುಮಾತಿನಲ್ಲೇ ಕೇಳುವವಳು. ಆಮೇಲೆ ಒಂದಿಷ್ಟು ಹೊತ್ತು ಕಣಿ ಮೌನವಾಯಿತು. ಜೈತೂನ ಬಂಡೆ ಏರುತ್ತಿದ್ದಾಳೆ ಅಂತ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಖಾಜಾಬಿ ನನ್ನ ಕೈ ಹಿಡಿದಳು, ಈ ಸಲ ಬಿಸಿ ತಂಪಿಗಲ್ಲ.

ಬಂತು ನೋಡಿ ಕೂಗು! ಹೆಸರಲ್ಲ. ಚೆನ್ನೀ, ಲಗೂನ ಬಾ ಅಂತ, ಕಣಿಯ ಗೋಡೆ ಬಿರಿಯುವ ಹಾಗೆ, ಊರ ಪಾರಿವಾಳಗಳೆಲ್ಲ ಒಮ್ಮೆಗೇ ಮೇಲೆದ್ದು ಹಾರುವ ಹಾಗೆ. ಗೋಡೆಗೆ ಅಷ್ಟುದ್ದ ಹೇಳಲು ಬರಲಿಲ್ಲ. ಬಾ, ಬಾ, ಬಾ ಅಂತ ಅಂದುಕೊಂಡೇ ಇತ್ತು. ಅಯ್ಯೋ ನನ್ನ ಹಡೆದವ್ವಾ, ಹೆಸರು ಕೂಗೂದು ಬಿಟ್ಟು ಏನ ಕೂಗಿದೆಲೇ ಅಂತ ಖಾಜಾಬಿ ಹಣೆ ಬಡಿದುಕೊಂಡಳು. ಬಡಿದುಕೊಳ್ಳುತ್ತಲೇ ಅತ್ತಳು. ಅಳುತ್ತಲೇ, ಎದಿ ಹಿಡದೈತಿ ಶಾವಂತ್ರೆವ್ವ, ಕೇಳಿದೆಲ್ಲ, ಎದಿ ಬೇರು ಬಿಟ್ಟೈತಿ ಅಂದಳು.

ಅಷ್ಟರಲ್ಲಿ ಚೆನ್ನಿ ಜಿಗಿದೆದ್ದು ಮಾಳಿಗೆಯ ಅಂಚಿಗೆ ಓಡಿದಳು. ಎರಡೂ ಕೈ ಬಾಯಿಗೆ ಹಿಡಿದು, ದೀಪಾವಳಿಯಿಂದ ಕೂಡಿಟ್ಟ ಉಸಿರನ್ನೆಲ್ಲ ಒಟ್ಟು ಮಾಡಿ, ಬರಾಕ ಬಿಡವಲ್ರೂ ಅಂತ ಕೂಗಿದಳು. ಪಕ್ಕದ ಮನೆಯ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಆಮೇಲೆ ಎಲ್ಲಿಂದ ಶುರುವಾಯಿತೋ ನಗು, ಮನೆಮನೆಯಲ್ಲೂ ನಗು. ಇದು ರೋಗದ ಕೂಸಿನ ಗಂಟಲೇ? ಖಾಜಾಬಿ ಒದ್ದೆ ಕಣ್ಣಿನಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ವಿಚಾರಿಸಿದರೆ ಹುಡುಗಿ ಬೆಳಗಿನ ಜಾವದಿಂದ ಕಂಬಳಿಯೊಳಗೆ ಮುಖ ಹುದುಗಿಸಿ ಕೂಗು ಕಲಿಯುತ್ತಿದ್ದಳಂತೆ. ಕೆಂಪು ಮುಖ, ಬೆಚ್ಚಗಿನ ಹಣೆ, ಒಂದು ಕೆಮ್ಮು, ಎಲ್ಲ ಅದರದೇ ಪ್ರತಾಪ. ಮಧ್ಯಾಹ್ನಕ್ಕೆ ಮೂರು ರೊಟ್ಟಿ ತಿಂದಳು. ಮರುದಿನ ಕಪ್ಪೆಯೂ ಇಲ್ಲ, ವಟವಟವೂ ಇಲ್ಲ.

ಮಾಸ್ತರರು ನ್ಯಾಯವಂತರು. ಗೋಡೆ ಹೇಳಿದ್ದನ್ನೇ ಬರೆದರು. ಹಾಜರಿಯಲ್ಲಿ ಜೈತೂನಳ ಹೆಸರು ಈಗ ಬಾ. ಮಾಸ್ತರರು ಆ ಹೆಸರು ಕರೆದರೆ ಇಡೀ ಶಾಲೆ ಎದ್ದು ಬರುತ್ತದಂತೆ. ಚೆನ್ನಿಯ ಕೂಗು ಮಾಳಿಗೆಯದು, ಬಂಡೆಯದಲ್ಲ, ಬರೆಯಲಾಗದು ಅಂದರು. ನಾನೂ ಖಾಜಾಬಿಯೂ ಒಟ್ಟಾಗಿ ಹೋಗಿ ಜಗಳ ಮಾಡಿ ನೋಡಿದೆವು, ಉಪಯೋಗವಾಗಲಿಲ್ಲ. ಇನ್ನೊಂದು ವರ್ಷ ಅವಳು ಕೂಸೇ. ಸುಮ್ಮಸುಮ್ಮನೆ ಮಗಳ ಒಂದು ವರ್ಷ ಕಳೆದೆ ಅಂತ ಓಣಿ ನನ್ನನ್ನು ಆಡಿಕೊಳ್ಳುತ್ತಿದೆ. ನನಗೂ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನಾಳೆ ಅದೇ ಬೆಳಗು ತಿರುಗಿ ಬಂದು, ಅದೇ ಉಗುರುಬೆಚ್ಚಗಿನ ಹಣೆ ನನ್ನ ಅಂಗೈ ಕೆಳಗೆ ಬಂದರೆ, ನಾನು ಮತ್ತೆ ಇರು ಅಂತಲೇ ಅನ್ನುತ್ತೇನೆ. ಆ ಬಾ ಅನ್ನುವ ದನಿ ಕೇಳಿದವಳು ಬೇರೆ ಏನು ಅಂದಾಳು?

ಇನ್ನು ನಿಮ್ಮ ಮಾತು. ನೀವಿನ್ನೂ ಬಾಗಿಲಲ್ಲೇ ನಿಂತಿದ್ದೀರಿ, ಬಸ್ಸು ಬರುವ ಹೊತ್ತಾಯಿತು, ಕೂಸು ನಿಮ್ಮ ಮುಖವನ್ನೇ ನೋಡುತ್ತಿದೆ. ನಿಮ್ಮ ಕೂಸಿನ ಬೆಂಚಿನ ಆ ತುದಿಯಲ್ಲಿ ಯಾರ ಮಗು ಕೂರುತ್ತದೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ಅದು ನಮ್ಮ ಮುತ್ತಜ್ಜಿಯ ಮುತ್ತಜ್ಜಿಯೇ ಇದ್ದರೂ ಇದ್ದೀತು. ಸಂಶಯವಿದ್ದರೆ ಇರಿಸಿಕೊಳ್ಳಿ, ಎರಡು ದಿನ ಬೈಸಿಕೊಳ್ಳಿ, ಒಂದಿಷ್ಟು ಗಂಜಿ ಕುಡಿಸಿ. ನಮ್ಮ ಕಡೆ ಬೀಳ್ಕೊಡುವಾಗ ಹೋಗುತ್ತೇನೆ ಅನ್ನಬಾರದು, ಬರುತ್ತೇನೆ ಅನ್ನಬೇಕು. ಆದರೆ ನಾನು ನಿಮ್ಮ ಕಡೆಗೆ ಬರಲಾರೆ, ದಾರಿ ಈ ಕಡೆಗೊಂದೇ ಇದೆ. ಆದ್ದರಿಂದ ಇವತ್ತು ಬೇಡ, ಅವಸರವಿಲ್ಲ, ಕೂಸು ಚೆನ್ನಾಗಿ ಚೇತರಿಸಿಕೊಳ್ಳಲಿ. ನಾಳೆ ಕಳಿಸಿಕೊಡಿ. ನಾಳೆಯಲ್ಲಿ ನಾವಿದ್ದೇವೆ.

ನಿಮ್ಮ,
ಶಾವಂತ್ರೆವ್ವ
ಚೆನ್ನಿಯ ಅವ್ವ